ಭಾವನ ಚಹಾ ಬಿಲ್ಲೆ

ರಟ್ಟಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸರಕಾರಿ ಕಾಗದಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಹಾಕುತ್ತ ಬಂದವನಿಗೆ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಯಿತು. ಕೆಳಗೆ ಬೈಂಡಿಂಗ್ ಕೋಣೆ, ಮೇಲೆ ಮನೆ. ಕೆಳಗೆ ಅವನು ರಟ್ಟು ಕತ್ತರಿಸಿ, ಹಾಳೆ ಮಡಚಿ, ಬೆನ್ನಿಗೆ ಅಂಟು ಸವರುತ್ತಿದ್ದ. ಹೆಂಡತಿ ಕಿಟಕಿ ಪಕ್ಕ ಕೂತು ಮಡಚಿದ ಕಂತೆಗಳನ್ನು ಹೊಲಿಯುತ್ತಿದ್ದಳು. ಹೊಲಿಗೆ ಮುಗಿದ ಮೇಲೆ ಅವಳು ಹಾಕುವ ಒಂದು ಗಂಟು ಇತ್ತು, ಎಳೆದಷ್ಟೂ ಬಿಗಿಯುವ, ಜೀರಿಗೆ ಕಾಳಿನಷ್ಟು ಗಂಟು. ಮೂವತ್ತು ವರ್ಷ ಎದುರಿಗೇ ಕೂತು ನೋಡಿದರೂ ಅದು ರಟ್ಟಪ್ಪನ ಕೈಗೆ ಬಂದಿರಲಿಲ್ಲ. ಕೇಳಿದರೆ ಹೇಳಿಕೊಟ್ಟಾಳು, ಆದರೆ ಕೇಳುವವರು ಯಾರು? ಗಂಡಸಿನ ಜಂಬ ಅಂದಮೇಲೆ ಅಷ್ಟೂ ಇರದಿದ್ದರೆ ಹೇಗೆ.

ಎದುರುಬದುರು ಕೂತರೂ ಇಬ್ಬರ ನಡುವೆ ಮಾತು ಮಾತ್ರ ಅಳೆದು ಸುರಿದಷ್ಟು. ದಾರ ಕೊಡಿ, ತಗೊ, ಅಂಟು ಆರಿತಾ, ಇನ್ನೂ ಇಲ್ಲ. ಜಗಳವೇನೂ ಇರಲಿಲ್ಲ. ಆಡಬೇಕಾದ್ದೆಲ್ಲ ಆಡಿ ಮುಗಿದಿದೆ ಅಂತ ಇಬ್ಬರೂ ತಿಳಿದುಕೊಂಡಿದ್ದರು.

ಇಂಥ ಕೋಣೆಗೆ ಒಂದು ಬೆಳಿಗ್ಗೆ ಹಡಗಿನ ಭಾವ ಬಂದರು. ರಟ್ಟಪ್ಪನ ಹೆಂಡತಿಯ ಅಣ್ಣ, ಸರಕು ಹಡಗಿನ ಎಂಜಿನಿಯರು. ಮದುವೆಯಾಗಲಿಲ್ಲ, ಹಡಗನ್ನೇ ಕಟ್ಟಿಕೊಂಡರು ಅಂತ ತಂಗಿ ಆಡಿಕೊಳ್ಳುತ್ತಿದ್ದಳು. ಅವರ ಬಗಲಲ್ಲಿ ಒಂದು ದುಂಡನೆಯ ಪೊಟ್ಟಣ. ಸಣ್ಣ ತಟ್ಟೆಯಷ್ಟು ಅಗಲ, ಎರಡು ಬೆರಳು ದಪ್ಪ, ಹಳದಿಗಟ್ಟಿದ ಕಾಗದದ ಹೊದಿಕೆ.

“ಇದು ಪುಅರ್ ಅಂತ ಚಹಾ,” ಅಂದರು ಭಾವ, ಮಗುವನ್ನು ಮಲಗಿಸುವಂತೆ ಅದನ್ನು ಮೇಜಿನ ಮೇಲಿಟ್ಟು. “ಎಲೆಗಳನ್ನ ಹಬೆಯಲ್ಲಿ ಮೆತ್ತಗೆ ಮಾಡಿ, ಒತ್ತಿ, ಹೀಗೆ ಬಿಲ್ಲೆ ಮಾಡ್ತಾರೆ. ವರ್ಷ ಕಳೆದಷ್ಟೂ ರುಚಿ ಏರುತ್ತಂತೆ. ಇಪ್ಪತ್ತು ವರ್ಷದ ಹಿಂದೆ ಒಂದು ಬಂದರಿನಲ್ಲಿ ತಗೊಂಡೆ. ಆತುರ ಪಡಬೇಡ, ಇಪ್ಪತ್ತು ವರ್ಷ ಬಿಡು ಅಂದಿದ್ದ ಮಾರಿದವನು. ಬಿಟ್ಟಿದ್ದೀನಿ.”

“ಒಂದು ಸಲವೂ ರುಚಿ ನೋಡಿಲ್ವಾ ಭಾವ?”

“ತಾಳಿದವನು ಬಾಳಿಯಾನು,” ಅಂದರು ಭಾವ. ಈ ಗಾದೆ ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. “ಮೂವತ್ತೈದು ವರ್ಷ ಹಡಗಿನ ಚಹಾ ಕುಡಿದಿದ್ದೀನಿ. ಅದಕ್ಕೂ ಎಂಜಿನ್ ಎಣ್ಣೆಗೂ ಬಣ್ಣದಲ್ಲಿ ಏನೂ ವ್ಯತ್ಯಾಸ ಇಲ್ಲ. ಇದು ನನ್ನ ಕಡೇ ಪ್ರಯಾಣ, ಒಂಬತ್ತು ತಿಂಗಳು. ನಿವೃತ್ತಿ ಆಗಿ ಬಂದ ದಿನ ಇದೇ ಮೇಜಿನ ಮೇಲೆ ಇದನ್ನ ತೆರೀತೀನಿ. ಅಲ್ಲಿವರೆಗೂ ನಿನ್ನ ಹತ್ತಿರ ಇರಲಿ. ಹಡಗಿನಲ್ಲಿ ಡೀಸೆಲ್ ವಾಸನೆ, ಬೀಗ ಹಾಕಿದ ನನ್ನ ಮನೇಲಿ ತೇವ. ಇದಕ್ಕೆ ಬಿಸಿಲೂ ಬೇಡ, ತೇವವೂ ಬೇಡ, ಸ್ವಲ್ಪ ಗಾಳಿ ಬೇಕು. ನಿನ್ನ ಕಾಗದದ ಕಪಾಟು ಇದೆಯಲ್ಲ, ಹೇಳಿ ಮಾಡಿಸಿದ ಹಾಗಿದೆ.”

ರಟ್ಟಪ್ಪ ಅದನ್ನು ಕಪಾಟಿನ ನಡುವಿನ ಅರೆಯಲ್ಲಿ, ಒಳ್ಳೆಯ ಕಾಗದಗಳ ಪಕ್ಕದಲ್ಲಿ ಇಟ್ಟ. ಭಾವ ಹಡಗು ಹತ್ತಿದರು.

ಐದು ತಿಂಗಳು ಬಿಲ್ಲೆ ಇಟ್ಟ ಕಡೆಯೇ ಇತ್ತು. ಸುಳ್ಳು ಯಾಕೆ ಹೇಳಬೇಕು, ಅದರ ಚಹಾದ ಮೇಲೆ ರಟ್ಟಪ್ಪನಿಗೆ ಒಂದು ಚೂರೂ ಆಸೆ ಇರಲಿಲ್ಲ. ಅವನ ನಿದ್ದೆ ಕೆಡಿಸಿದ್ದು ಹೊದಿಕೆ. ಕಾಗದ ತೆಗೆಯಲು ಕಪಾಟಿನ ಬಾಗಿಲು ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಮುಂದೆ ಮಟ್ಟಸ, ಹಿಂದೆ ನಡುವಿನಲ್ಲಿ ಒಂದು ಗುಳಿ, ಆ ಗುಳಿಯೊಳಗೆ ಕಾಗದದ ನೆರಿಗೆಗಳೆಲ್ಲ ಬಂದು ಸೇರಿ ಅಡಗಿದ್ದವು. ಅಂಟಿಲ್ಲ, ದಾರವಿಲ್ಲ. ಬರೀ ಮಡಿಕೆಯ ಮೇಲೆ ಇಪ್ಪತ್ತು ವರ್ಷ ನಿಂತಿದೆ. ಬಕೆಟ್ಟುಗಟ್ಟಲೆ ಅಂಟು ಕಲಸಿದ ಮನುಷ್ಯನಿಗೆ ಇದು ಸಹಿಸುವ ಮಾತಲ್ಲ.

ಒಂದು ಮಧ್ಯಾಹ್ನ ಹೆಂಡತಿ ದಾರ ತರಲು ಪೇಟೆಗೆ ಹೋಗಿದ್ದಳು. ರಟ್ಟಪ್ಪ ಬಿಲ್ಲೆಯನ್ನು ಮೇಜಿನ ಮೇಲೆ ಕವುಚಿ ಹಾಕಿ, ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿದ. ಹದಿನೆಂಟು ಮಡಿಕೆ, ಎಲ್ಲವೂ ಒಂದೇ ಕಡೆಗೆ ವಾಲಿದವು, ತುದಿಗಳನ್ನು ತಿರುಚಿ ಗುಳಿಯೊಳಗೆ ಒತ್ತಿದ್ದಾರೆ. ಇಷ್ಟೇನಾ ಅಂದುಕೊಂಡ. ಮತ್ತೆ ಅದೇ ಗೆರೆಗಳ ಮೇಲೆ ಮಡಚಿದ, ಬಿಡಿಸಿದ, ಮಡಚಿದ. ಮೂರನೇ ಸಲ ಮಡಚುವ ಹೊತ್ತಿಗೆ, ತೆರೆದಿದ್ದರು ಅಂತ ಆ ಕಾಗದಕ್ಕೇ ಗೊತ್ತಾಗದಷ್ಟು ಚೊಕ್ಕವಾಗಿ ಬಂತು. ಸಂತೋಷದಿಂದ ಬಿಲ್ಲೆಯನ್ನು ಎತ್ತಿದರೆ, ಮೇಜಿನ ಮೇಲೆ ಹೆಬ್ಬೆರಳ ತುದಿಯಷ್ಟು ಚೂರು ಬಿದ್ದಿತ್ತು.

ಉದುರಿದ್ದನ್ನು ವಾಪಸು ಅಂಟಿಸುವ ಹಾಗಿಲ್ಲ. ಎಸೆಯಲು ಮನಸ್ಸಿಲ್ಲ. ರಟ್ಟಪ್ಪ ಅದನ್ನು ಪಾತ್ರೆಗೆ ಹಾಕಿ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಹಾಲು ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿದ. ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

“ಏನ್ರೀ ಇದು, ಗೋಣಿಚೀಲ ಬೇಯಿಸ್ತಿದ್ದೀರಾ?”

“ಚಹಾ. ಅಂಗಡಿಯವರು ಮಾದರಿಗೆ ಅಂತ ಕೊಟ್ಟರು,” ಅಂದ ರಟ್ಟಪ್ಪ. ಮೊದಲ ಸುಳ್ಳು ಹೀಗೆ ಹೊರಬಿತ್ತು, ನೋಡಿ. ಎಲ್ಲಿಯದು ಅಂತ ಅವಳು ಕೇಳದಿದ್ದರೂ ಬಂತು.

ಕುಡಿಯುವ ಹಾಗಿರಲಿಲ್ಲ ಅದು. ಇಬ್ಬರೂ ಒಂದೊಂದು ಗುಟುಕಿಗೇ ಲೋಟ ಕೆಳಗಿಟ್ಟರು. ಆದರೆ ಹಾಲಿನ ಅಡಿಯಿಂದ ಒಂದು ವಾಸನೆ ಮೇಲೆದ್ದು ಬಂದು ರಟ್ಟಪ್ಪನ ಮೂಗಿನಲ್ಲಿ ಕೂತುಬಿಟ್ಟಿತು. ಮರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದ ದಪ್ಪ ಪುಸ್ತಕವನ್ನು ಮೊದಲ ಸಲ ತೆರೆದಾಗ ಬರುವ ವಾಸನೆ. ಬೇರೆಯವರಿಗೆ ಸೀನು ಬರಿಸುವ ಆ ವಾಸನೆ ಅವನಿಗೆ ಅನ್ನ ಕೊಟ್ಟ ವಾಸನೆ. ಇದನ್ನು ಕುಡಿಯಬಹುದು ಅನ್ನುವುದು ಅವನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಮರುದಿನವೇ ಅವನು ಬೀದಿ ತುದಿಯ ಚಹಾ ಪುಡಿ ಅಂಗಡಿಗೆ ಹೋದ. ಅಂಗಡಿಯ ಯಜಮಾನಿ ಅರವತ್ತರ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು, ಹಿಂದಿನ ಗೋಡೆ ತುಂಬ ತಗಡಿನ ಡಬ್ಬಿಗಳು.

“ನನ್ನ ಪರಿಚಯದವರೊಬ್ಬರು ಪುಅರ್ ಚಹಾನ ಹಾಲಿನಲ್ಲಿ ಕುದಿಸಿದ್ದರಂತೆ,” ಅಂದ ರಟ್ಟಪ್ಪ.

ಯಜಮಾನಿ ಸಾವಿನ ಸುದ್ದಿ ಕೇಳಿದವಳಂತೆ ಒಂದು ಗಳಿಗೆ ಕಣ್ಣು ಮುಚ್ಚಿದಳು. “ಆ ಪರಿಚಯದವರು ಈ ಸ್ಟೂಲಿನ ಮೇಲೆ ಕೂತುಕೊಳ್ಳಲಿ,” ಅಂದಳು.

ಹಿಡಿ ಇಲ್ಲದ, ಮುಚ್ಚಳ ಇರುವ ಒಂದು ಪುಟ್ಟ ಬಟ್ಟಲು ತೆಗೆದಳು. ಬಿಸಿನೀರಿನಲ್ಲಿ ಅದನ್ನು ಬೆಚ್ಚಗೆ ಮಾಡಿದಳು. ತನ್ನ ಡಬ್ಬಿಯಿಂದ ಪುಅರ್ ಚೂರೊಂದನ್ನು ಹಾಕಿ, ಮಳ್ಳುವ ನೀರು ಹೊಯ್ದು, ಮುಚ್ಚಳ ಮುಚ್ಚಿ, ಮರುಕ್ಷಣವೇ ಅಷ್ಟನ್ನೂ ಪಕ್ಕದ ಬೋಗುಣಿಗೆ ಚೆಲ್ಲಿಬಿಟ್ಟಳು.

“ಅಯ್ಯೋ, ಯಾಕೆ ಚೆಲ್ಲಿದಿರಿ?”

“ವರ್ಷಗಟ್ಟಲೆ ಮಲಗಿದ್ದವರನ್ನ ಎಬ್ಬಿಸಿದ ತಕ್ಷಣ ಕೆಲಸಕ್ಕೆ ಹಚ್ತೀರಾ? ಮೊದಲು ಮುಖ ತೊಳೀಲಿ.”

ಮತ್ತೆ ನೀರು ಹೊಯ್ದಳು. ಮನಸ್ಸಿನಲ್ಲೇ ಹತ್ತು ಎಣಿಸಿ, ಮುಚ್ಚಳವನ್ನು ಓರೆ ಮಾಡಿ, ಎಲೆ ಒಳಗೇ ಉಳಿಯುವಂತೆ ಬಸಿದಳು. ಗುಬ್ಬಿಗೂ ಸಾಲದಷ್ಟು ಚಹಾ ಬಂತು, ಕಡುಗೆಂಪು, ತಿಳಿ. “ಇದೇ ಎಲೆಗೆ ಹತ್ತು ಸಲ ನೀರು ಹಾಕಬಹುದು. ಪ್ರತಿ ಸುತ್ತಿಗೂ ಸ್ವಲ್ಪ ಜಾಸ್ತಿ ಎಣಿಸಬೇಕು. ಪ್ರತಿ ಸುತ್ತೂ ಬೇರೆ ರುಚಿ. ಒಂದೇ ಸಲಕ್ಕೆ ಎಲ್ಲಾ ಹಿಂಡಿಕೊಳ್ಳೋಕೆ ಹೋದರೆ ಕಹಿ ಮಾತ್ರ ಸಿಗುತ್ತೆ.”

ರಟ್ಟಪ್ಪ ತಾನೇ ಬಸಿಯಲು ಹೋಗಿ ಬೆರಳು ಸುಟ್ಟುಕೊಂಡ. ಯಜಮಾನಿ ಅಂಚು ಒಡೆದ ಒಂದು ಹಳೇ ಬಟ್ಟಲನ್ನು ಅವನಿಗೆ ಕೊಟ್ಟು, ಇನ್ನಷ್ಟು ಸುಟ್ಟುಕೊಂಡರೆ ತಾನಾಗಿ ಬರುತ್ತೆ ಅಂತ ಕಳಿಸಿಕೊಟ್ಟಳು.

ಬಟ್ಟಲು ಬಂತು, ವಿದ್ಯೆ ಬಂತು, ಇನ್ನು ಎಲೆ? ಒಂದು ಚಿಟಿಕೆ ತಾನೆ ಅಂದುಕೊಂಡ ರಟ್ಟಪ್ಪ. ಪುಸ್ತಕಕ್ಕೆ ತೂತು ಹಾಕುವ ದಬ್ಬಳವನ್ನು ತಗೊಂಡು, ಬಿಲ್ಲೆಯ ಹಿಂದಿನ ಗುಳಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಮೆಲ್ಲಗೆ ಮೀಟಿದ.

ಮೊದಲ ದಿನ ಎಣಿಸುತ್ತಿರುವಾಗ ಗಿರಾಕಿಯೊಬ್ಬ ಬಂದು ಹರಿದ ನಿಘಂಟು ಮುಂದಿಟ್ಟ. ಎಣಿಕೆ ತಪ್ಪಿ ಚಹಾ ಕಹಿಯಾಯಿತು. ಎರಡನೇ ದಿನವೂ ಅದೇ ಕತೆ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಮುರಿದು ಯಾವ ಕಾಲವಾಯಿತೋ. ಮೂರನೇ ದಿನ ಅವನಿಗೆ ಉಪಾಯ ಹೊಳೆಯಿತು. ಒಂದು ಹಾಳೆ ಮಡಚಿ, ಮಡಿಕೆ ಒತ್ತಿ, ಪಕ್ಕಕ್ಕಿಡಲು ಅವನಿಗೆ ಎಣಿಸಿದಂತೆ ಎರಡು ಎಣಿಕೆ ಹಿಡಿಯುತ್ತಿತ್ತು. ಮೂವತ್ತು ವರ್ಷದ ಕೈ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನೀರು ಹೊಯ್ದು ಐದು ಹಾಳೆ ಮಡಚಿ ಬಸಿದ. ಮುಂದಿನ ಸುತ್ತಿಗೆ ಆರು, ಆಮೇಲೆ ಏಳು, ಕೊನೆಕೊನೆಗೆ ಇಪ್ಪತ್ತು, ಇಪ್ಪತ್ತೈದು. ಯಾರು ಬಂದು ಮಾತಾಡಿಸಿದರೂ ಕೈ ತಪ್ಪಲಿಲ್ಲ.

ಕೆಲಸ ಬಿಟ್ಟು ಚಹಾ ಕಾಯಿಸುತ್ತ ಕೂರ್ತಾರಲ್ಲ ಅಂತ ಬೈಯಲು ಬಾಯಿ ತೆರೆದಿದ್ದ ಹೆಂಡತಿ, ತನ್ನ ಪಕ್ಕದಲ್ಲಿ ಬೆಳೆದ ಹಾಳೆಗಳ ರಾಶಿ ನೋಡಿ ಬಾಯಿ ಮುಚ್ಚಿದಳು. ಹತ್ತು ಸುತ್ತು ಮುಗಿಯುವಷ್ಟರಲ್ಲಿ ನೂರಕ್ಕೂ ಮೇಲೆ ಹಾಳೆ ಮಡಚಿಯಾಗಿತ್ತು. “ದಿನಾ ಕುಡೀರಿ ನೀವು,” ಅಂದಳು. ಆಮೇಲೆ ತನಗೂ ಒಂದು ಬಟ್ಟಲು ತಂದಿಟ್ಟುಕೊಂಡಳು.

ನಾಲ್ಕು ಗಂಟೆ ಆಯಿತೆಂದರೆ ಇಬ್ಬರಿಗೂ ಕೈ ಚಡಪಡಿಸುವ ಹಾಗಾಯಿತು. ಮೊದಲ ಸುತ್ತಿನಲ್ಲಿ ಮರದ ವಾಸನೆ. ಎರಡರಲ್ಲಿ ಹಳೇ ಪುಸ್ತಕ. ಮೂರು ದಪ್ಪ, ನುಣುಪು, ಗಂಟಲಲ್ಲಿ ತಾನಾಗಿ ಜಾರುತ್ತದೆ. ನಾಲ್ಕನೆಯದರ ವಿಷಯ ಕಂಡುಹಿಡಿದವಳು ಹೆಂಡತಿ.

“ಇದು ನಾಲಿಗೆ ಮೇಲಿನ ಸಿಹಿ ಅಲ್ಲ ಕಣ್ರೀ,” ಅಂದಳು ಬಟ್ಟಲನ್ನು ಹಿಡಿದುಕೊಂಡೇ. “ನುಂಗಿ ಆದಮೇಲೆ ಗಂಟಲಿಂದ ವಾಪಸು ಬರುತ್ತೆ. ಸುಮ್ಮನಿದ್ದು ನೋಡಿ.”

ಸುಮ್ಮನಿದ್ದು ನೋಡಿದರು. ಬಂತು. ಆ ಸಿಹಿಗೆ ಕಾಯುತ್ತ ಕಾಯುತ್ತ ಮಾತೂ ಬಂತು. ಮದುವೆಯಾದ ಹೊಸತರಲ್ಲಿ ನಾನು ಒಂದು ಪುಸ್ತಕವನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ, ನೀವು ಮಲಗಿದ ಮೇಲೆ ಬಿಚ್ಚಿ ಮತ್ತೆ ಹೊಲಿದೆ ಅಂತ ಹೆಂಡತಿ ಹೇಳಿದಳು. ನನಗೆ ಗೊತ್ತಿತ್ತು, ಎಚ್ಚರವಾಗೇ ಇದ್ದೆ ಅಂದ ರಟ್ಟಪ್ಪ. ಮೂವತ್ತು ವರ್ಷ ಗೊತ್ತಿದ್ದೂ ಹೇಳಲಿಲ್ವಾ ಅಂತ ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಗುತ್ತಾಳೆ ಅನ್ನುವುದನ್ನು ರಟ್ಟಪ್ಪ ಮರೆತೇಬಿಟ್ಟಿದ್ದ. ಆ ದಿನ ಅವನಿಗೆ ತುಂಬ ಖುಷಿಯಾಯಿತು. ನಾಳೆಯೂ ನಾಲ್ಕು ಗಂಟೆ ಬರುತ್ತದಲ್ಲ ಅಂತ ಇನ್ನೂ ಖುಷಿಯಾಯಿತು.

ಈಗ ಗುಳಿಯ ಕಡೆ ಬರೋಣ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ದಿನಕ್ಕೊಂದು ಚಿಟಿಕೆ, ಒಂದೇ ಚಿಟಿಕೆ. ಕೆಲಸ ಆದಮೇಲೆ ಹದಿನೆಂಟು ಮಡಿಕೆ, ತಿರುಚಿ ಒತ್ತಿದ ತುದಿ. ಹೊದಿಕೆ ಎಷ್ಟು ಚೆಂದ ಕೂರುತ್ತಿತ್ತೆಂದರೆ, ಕಪಾಟು ಮುಚ್ಚಿದ ಮೇಲೆ ರಟ್ಟಪ್ಪನಿಗೇ ತಾನು ಏನೂ ತೆಗೆದಿಲ್ಲ ಅನ್ನಿಸುತ್ತಿತ್ತು. ಹೆಂಡತಿ ಇದೆಲ್ಲ ಅಂಗಡಿಯ ಚಹಾ ಅಂತಲೇ ನಂಬಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟು ಧೈರ್ಯ ಇರುವುದಿಲ್ಲ.

ಮೂರೂವರೆ ತಿಂಗಳು ಕಳೆದ ಮೇಲೆ ಭಾವನ ಫೋನು ಬಂತು.

“ಇನ್ನು ಹದಿನೈದು ದಿನ,” ಅಂದರು ಭಾವ. ಹಿಂದೆ ಎಂಜಿನ್ ಗುಡುಗುಡು ಅನ್ನುತ್ತಿತ್ತು. “ಬಿಲ್ಲೆ ಹೇಗಿದೆ?”

“ಇದೆ ಭಾವ.”

“ಕೆಲಸ ಮುಗಿಸಿ ಕ್ಯಾಬಿನ್ನಿಗೆ ಬಂದಾಗ ಅದನ್ನೇ ನೆನೆಸ್ಕೋತೀನಿ ಕಣಯ್ಯ. ನಗಬೇಡ. ಹಡಗಿನಲ್ಲಿ ಎಲ್ಲರಿಗೂ ಮನೇಲಿ ಕಾಯೋರು ಇದ್ದಾರೆ. ನನ್ನನ್ನ ಕಾಯ್ತಿರೋದು ಅದೊಂದೇ.”

ಫೋನು ಇಟ್ಟು ರಟ್ಟಪ್ಪ ಕಪಾಟಿಗೆ ಹೋದ. ಬಿಲ್ಲೆಯನ್ನು ಕೈಯಲ್ಲಿ ಎತ್ತಿದ. ಹಗುರ. ಹೊದಿಕೆ ಬಿಡಿಸಿ ಹಿಂದೆ ನೋಡಿದ. ಗುಳಿ ಈಗ ಗುಳಿಯಾಗಿ ಉಳಿದಿರಲಿಲ್ಲ. ಮುಂಭಾಗ, ಅಂಚು ಎಲ್ಲ ಸುಭದ್ರ, ಒಳಗೆ ಸೋರೆಬುರುಡೆಯ ಹಾಗೆ ಟೊಳ್ಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಚಹಾ ಅಂಗಡಿಗೆ ಓಡಿದ. ಇಪ್ಪತ್ತು ವರ್ಷ ಹಳೆಯ ಬಿಲ್ಲೆ ಒಂದು ಸಿಗಬಹುದಾ ಅಂತ ಕೇಳಿದ.

“ಹೊಸದು ಇದೆ,” ಅಂದಳು ಯಜಮಾನಿ. “ತಗೊಂಡು ಹೋಗಿ ಇಪ್ಪತ್ತು ವರ್ಷ ಇಡಿ.”

ಬೇರೆ ಯಾರಾದರೂ ಆಗಿದ್ದರೆ ಆಗಲೇ ಭಾವನಿಗೆ ಫೋನು ಮಾಡಿ ಅತ್ತುಬಿಡುತ್ತಿದ್ದರು. ಆದರೆ ರಟ್ಟಪ್ಪ ಬೈಂಡರು. ಬೆನ್ನು ಮುರಿದ ಪುಸ್ತಕವನ್ನು ಹೊಸದರಂತೆ ಕಾಣಿಸುವುದೇ ಅವನ ಕಸುಬು. ಹೆಂಡತಿ ಮೇಲೆ ಅಡುಗೆ ಮಾಡುತ್ತಿದ್ದಾಗ ಅವನು ಕೆಳಗೆ ಬೂದು ರಟ್ಟು ತೆಗೆದು ದುಂಡಗೆ ಏಳು ಬಿಲ್ಲೆ ಕತ್ತರಿಸಿದ. ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಸಣ್ಣದು. ಟೊಳ್ಳಿನೊಳಗೆ ಒಂದರ ಮೇಲೊಂದು ಕೂರಿಸಿದ. ಅಂಟು ಹಾಕಲಿಲ್ಲ, ವಾಸನೆ ಬಂದೀತು ಅಂತ. ಹೊದಿಕೆಯ ಮೇಲಿನ ಅಕ್ಷರಗಳಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಒಂದೇ, ತೂಕದ ಅಂಕಿ, ಮುನ್ನೂರ ಐವತ್ತೇಳು ಗ್ರಾಂ. ತಕ್ಕಡಿಗೆ ಹಾಕಿ, ಏಳನೇ ರಟ್ಟನ್ನು ಉಜ್ಜಿ ಉಜ್ಜಿ, ಸರಿಯಾಗಿ ಮುನ್ನೂರ ಐವತ್ತೇಳಕ್ಕೇ ತಂದ. ಹದಿನೆಂಟು ಮಡಿಕೆ ಹಾಕಿದ. ಹಿಂದೆ ಸರಿದು ನಿಂತು ನೋಡಿದ. ಹೇಳಲು ನಾಚಿಕೆಯಾಗಬೇಕು, ಆ ಗಳಿಗೆಯಲ್ಲಿ ಅವನಿಗೆ ಹೆಮ್ಮೆಯೇ ಆಯಿತು.

ಅಂದಿನಿಂದ ನಾಲ್ಕು ಗಂಟೆಗೆ ಅಂಗಡಿಯ ಚಹಾ ಬಂತು. “ಇವತ್ತಿನದು ಬೇರೆ,” ಅಂದಳು ಹೆಂಡತಿ ಮೊದಲ ಗುಟುಕಿಗೇ. “ಡಬ್ಬಿ ಬದಲಾಗಿರಬೇಕು,” ಅಂದ ರಟ್ಟಪ್ಪ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ಹದಿನೈದು ದಿನವೂ ಬೀದಿಯಲ್ಲಿ ಯಾರಾದರೂ ಹಡಗು ಅಂದರೆ ಸಾಕು, ಬೆಚ್ಚಿಬೀಳುತ್ತಿದ್ದ.

ಭಾವ ಬಂದೇ ಬಂದರು. ಎರಡು ಪೆಟ್ಟಿಗೆ, ಕಾಲುಚೀಲದೊಳಗೆ ಜೋಪಾನವಾಗಿ ಸುತ್ತಿ ತಂದ ಹೊಸ ಚಹಾ ಪಾತ್ರೆ, ಬಿಸಿಲಿಗೆ ಕಂದಿದ ಮುಖ. ಅಂಗಿಯ ತೋಳು ಮಡಚಿ ಮೇಜಿನ ಮುಂದೆ ಕೂತರು. ತಂಗಿ ನೀರು ಕಾಯಿಸಲು ಇಟ್ಟಳು. ರಟ್ಟಪ್ಪ ಬಿಲ್ಲೆಯನ್ನು ತಂದಿಟ್ಟ.

ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಕಣ್ಣು ಒದ್ದೆಯಾಯಿತು. ಚಾಕು ತಗೊಂಡರು. ರಟ್ಟಪ್ಪನ ಜೀವ ಬಾಯಿಗೆ ಬಂತು. ಭಾವ ಚಾಕು ಕೆಳಗಿಟ್ಟರು.

“ಮನಸ್ಸು ಬರ್ತಿಲ್ಲ,” ಅಂದರು. “ಒಂದು ಸುಕ್ಕಿಲ್ಲ, ಒಂದು ಕಲೆ ಇಲ್ಲ. ಇಷ್ಟು ಚೆನ್ನಾಗಿ ಇಟ್ಟಿದ್ದೀಯಲ್ಲಪ್ಪ. ಇಪ್ಪತ್ತು ವರ್ಷ ತಾಳಿದೋನಿಗೆ ಇನ್ನು ಹತ್ತು ವರ್ಷ ಏನು ಮಹಾ. ಇವತ್ತು ತೆರೆಯೋದು ಬೇಡ. ಮತ್ತೆ ನಿನ್ನ ಕಪಾಟಿಗೇ ಹೋಗಲಿ.”

ಹೋದ ಜೀವ ವಾಪಸು ಬಂದಂತಾಯಿತು ರಟ್ಟಪ್ಪನಿಗೆ. ಹತ್ತು ವರ್ಷ. ಹತ್ತು ವರ್ಷದಲ್ಲಿ ಏನು ಬೇಕಾದರೂ ಆಗಬಹುದು, ಇಲಿ ತಿನ್ನಬಹುದು, ಕಪಾಟೇ ಬೀಳಬಹುದು. ಬಿಲ್ಲೆಯನ್ನು ಎತ್ತಿಕೊಂಡು ಕಪಾಟಿನ ಕಡೆ ನಡೆದ.

ಹಿಂದಿನಿಂದ ಭಾವ ತಂಗಿಗೆ ಹೇಳುತ್ತಿದ್ದರು. “ನಾನು ಯಾರನ್ನೂ ನಂಬೋನಲ್ಲ, ನಿನಗೆ ಗೊತ್ತು. ಇವನ ಕೈಗೆ ಕೊಟ್ಟರೆ ಮಾತ್ರ ನಿಶ್ಚಿಂತೆ. ಅಷ್ಟರೊಳಗೆ ನನಗೇನಾದ್ರೂ ಆದರೆ, ನೀವಿಬ್ಬರೇ ತೆರೆದು ಕುಡೀರಿ. ನನ್ನ ನೆನೆಸ್ಕೊಂಡು ಕುಡೀರಿ.”

ರಟ್ಟಪ್ಪನ ಕೈ ಕಪಾಟಿನ ಬಾಗಿಲ ಮೇಲೆ ನಿಂತಿತು. ಭಾವ ಇಲ್ಲದ ಒಂದು ಮಧ್ಯಾಹ್ನ, ಹೆಂಡತಿ ಅಳುತ್ತ ಈ ಹೊದಿಕೆ ಬಿಡಿಸುತ್ತಾಳೆ, ಒಳಗಿಂದ ಏಳು ರಟ್ಟು ಬರುತ್ತವೆ. ಅಷ್ಟು ನೆನೆದದ್ದೇ ಸಾಕಾಯಿತು. ಅವನು ತಿರುಗಿ ಬಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟ.

“ಭಾವ, ಇದರೊಳಗೆ ರಟ್ಟಿದೆ.”

“ಏನಿದೆ?”

“ರಟ್ಟು. ಏಳು. ಚಹಾ ನಾನು ಕುಡಿದೆ. ದಿನಾ ನಾಲ್ಕು ಗಂಟೆಗೆ. ಮೊದಲು ಹೊದಿಕೆ ನೋಡೋಕೆ ಅಂತ ಬಿಚ್ಚಿದೆ, ಆಮೇಲೆ ಬಿಡೋಕಾಗಲಿಲ್ಲ. ಇವಳಿಗೆ ಗೊತ್ತಿಲ್ಲ, ಇವಳನ್ನ ಏನೂ ಅನ್ನಬೇಡಿ.”

ಹೆಂಡತಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. “ಅಂದರೆ ನಾನು ಇಷ್ಟು ದಿನ ಕುಡಿದದ್ದು ನಮ್ಮಣ್ಣನ ಚಹಾನಾ? ನನಗೂ ಕದ್ದ ಮಾಲು ಕುಡಿಸಿದಿರಾ?” ದನಿ ಜೋರಾಗಿರಲಿಲ್ಲ. ಜೋರಾಗಿದ್ದರೇ ಚೆನ್ನಾಗಿತ್ತು ಅನ್ನಿಸಿತು ರಟ್ಟಪ್ಪನಿಗೆ.

ಭಾವ ಹೊದಿಕೆ ಬಿಡಿಸಿದರು. ಒಂದೊಂದೇ ರಟ್ಟನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಏಳನ್ನೂ ನೋಡಿದರು. ಆಮೇಲೆ ಒಂದೊಂದಾಗಿ ವಾಪಸು ಕೂರಿಸಿದರು, ಬೆರಳಿನಿಂದ ಸುತ್ತ ತಡವಿದರು. ಎಂಜಿನಿಯರಲ್ಲವೇ.

“ಉಗುರು ಹೋಗೋಷ್ಟೂ ಸಂದಿಲ್ಲ,” ಅಂದರು ಸಿಟ್ಟಿನ ದನಿಯಲ್ಲೇ. “ಮೂವತ್ತೈದು ವರ್ಷದಲ್ಲಿ ನನ್ನ ಎಂಜಿನ್ ಕೋಣೇಲಿ ಇಷ್ಟು ನೀಟಾಗಿ ಕೂತ ವಾಷರ್ ನಾನು ನೋಡಿಲ್ಲ. ಇಷ್ಟು ಕಷ್ಟಪಡೋ ಬದಲು ಒಂದು ಮಾತು ಹೇಳೋಕಾಗಲಿಲ್ವಾ ನಿನಗೆ? ನನಗೆ ಸಿಟ್ಟು ಬಂದಿದೆ. ಬಹಳ ಸಿಟ್ಟು ಬಂದಿದೆ.”

“ಗೊತ್ತು ಭಾವ. ತಪ್ಪು ನಂದೇ. ಹೊಟ್ಟೆಗೆ ಹಾಕ್ಕೊಳ್ಳಿ.”

“ಹೊಟ್ಟೆಗೆ ಹಾಕ್ಕೊಂಡೋನು ನೀನು,” ಅಂದರು ಭಾವ. ಒಲೆಯ ಮೇಲೆ ನೀರು ಮಳ್ಳತೊಡಗಿತು. ಆಮೇಲೆ ಭಾವ, ಕೇಳಬಾರದು ಅಂದುಕೊಂಡೇ ಕೇಳಿದವರಂತೆ, “ಹ್ಯಾಗಿತ್ತು?” ಅಂದರು.

ಇನ್ನೊಂದು ಸುಳ್ಳು ಹೇಳುವ ಶಕ್ತಿ ರಟ್ಟಪ್ಪನಿಗೆ ಇರಲಿಲ್ಲ. “ತುಂಬ ಚೆನ್ನಾಗಿತ್ತು ಭಾವ. ಎರಡನೇ ಸುತ್ತು ಹಳೇ ಪುಸ್ತಕ. ಮೂರನೇದು ನುಣುಪು. ನಾಲ್ಕನೇದು…”

“ನಾಲ್ಕನೇದು ಹಾಗಲ್ಲ,” ಹೆಂಡತಿ ಸಿಟ್ಟು ಮರೆತು ನಡುವೆ ಬಾಯಿ ಹಾಕಿದಳು. “ನಾಲ್ಕನೇದು ನುಂಗಿದ ಮೇಲೆ ಬರೋದು. ಗಂಟಲಿಂದ. ಅಣ್ಣ, ಅದು ಬರೋವರೆಗೂ ಸುಮ್ಮನಿರಬೇಕು, ಇವರು ಸುಮ್ಮನಿರಲ್ಲ, ಪುಸ್ತಕದ ಕತೆ ತೆಗೀತಾರೆ, ತಲೆಕೆಳಗಾಗಿ ಹೊಲಿದಿದ್ದು...”

“ನೀನೇ ಹೇಳಿದ್ದು ಆ ಕತೆ.”

“ಹೇಳಿದ್ದು ನಾನು, ದಿನಾ ಎತ್ತೋದು ನೀವು.”

ಭಾವ ತಂಗಿಯನ್ನೇ ನೋಡಿದರು. “ನೀನು ಇಷ್ಟು ಮಾತಾಡೋದು ನಾನು ಕೇಳಿ ಎಷ್ಟು ವರ್ಷ ಆಯ್ತು,” ಅಂದರು. ಏಳು ರಟ್ಟನ್ನು ತೆಗೆದು ಪಕ್ಕಕ್ಕಿಟ್ಟರು. ಉಳಿದಿದ್ದ ಚಿಪ್ಪಿನಿಂದ ಒಂದು ಚೂರು ಮುರಿದು ರಟ್ಟಪ್ಪನ ಮುಂದೆ ತಳ್ಳಿದರು. “ಮಾಡು. ಕದ್ದೋನಿಗೇ ಬರೋದು ತಾನೆ.”

ರಟ್ಟಪ್ಪ ಮೊದಲ ನೀರು ಚೆಲ್ಲಿದಾಗ ಭಾವನ ಕೈ ತಡೆಯಲು ಮುಂದೆ ಬಂತು. “ಮುಖ ತೊಳೀತಿದೆ, ಬಿಡಣ್ಣ,” ಅಂದಳು ತಂಗಿ. ರಟ್ಟಪ್ಪ ಐದು ಹಾಳೆ ಮಡಚಿ ಬಸಿದ. ಭಾವ ಗುಟುಕರಿಸಿದರು. ಮುಖ ಹುಳ್ಳಗಾಯಿತು. “ಹಡಗಿನ ತಳದ ಕೋಣೆ ಇದ್ದ ಹಾಗಿದೆಯಲ್ಲಯ್ಯ,” ಅಂದರು. ಇಪ್ಪತ್ತು ವರ್ಷ ಕಾದವರ ಬಾಯಲ್ಲಿ ಆ ಮಾತು ಕೇಳಿ ರಟ್ಟಪ್ಪನಿಗೆ ಕರುಳು ಚುರುಕ್ಕೆಂದಿತು. ಆರು ಹಾಳೆ. ಏಳು ಹಾಳೆ. ಭಾವ ಎರಡನ್ನೂ ಕುಡಿದು ಮುಗಿಸಿದರು. ನಾಲ್ಕನೆಯದನ್ನು ನುಂಗಿ ಸುಮ್ಮನೆ ಕೂತರು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಗಾಳಿ ಹೊಡೆದು ಮುಗಿಯಿತು, ಸೈಕಲ್ಲು ಹೋಯಿತು. ಭಾವ ಬಟ್ಟಲನ್ನು ಮುಂದೆ ಚಾಚಿದರು.

“ಇನ್ನು ಎಷ್ಟು ದಿನಕ್ಕೆ ಆಗುತ್ತೆ ಇದು?” ಅಂದರು ಹತ್ತನೇ ಸುತ್ತು ಮುಗಿದ ಮೇಲೆ.

“ಹದಿನೈದು ದಿನಕ್ಕೆ.”

“ದಿನಾ ನಾಲ್ಕು ಗಂಟೆಗೆ ಬರ್ತೀನಿ. ಶಿಕ್ಷೆ ನಾಳೆ ಹೇಳ್ತೀನಿ.”

ಶಿಕ್ಷೆ ಏನೆಂದರೆ, ಮರುದಿನ ಭಾವ ಇಬ್ಬರನ್ನೂ ಚಹಾ ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ಹೊಚ್ಚಹೊಸ ಬಿಲ್ಲೆ ಕೊಂಡು, ರಟ್ಟಪ್ಪನ ಕೈಗೆ ಕೊಟ್ಟರು.

“ಇಪ್ಪತ್ತು ವರ್ಷ,” ಅಂದರು. “ನನಗೆ ಎಂಬತ್ತಾಗುತ್ತೆ, ನಿನಗೆ ಎಪ್ಪತ್ತೈದು. ಆವತ್ತು ತೆರೆಯೋಣ. ಅಲ್ಲಿವರೆಗೂ ನೀನು ಸಾಯೋ ಹಾಗಿಲ್ಲ. ನಾನೂ ಸಾಯಲ್ಲ, ನಿನ್ನ ಮೇಲೆ ಕಣ್ಣಿಡೋರು ಬೇಕಲ್ಲ.”

“ಮತ್ತೆ ನನ್ನ ಕಪಾಟಿಗೇನಾ ಭಾವ?” ಅಂದ ರಟ್ಟಪ್ಪ.

“ಮತ್ತೆಲ್ಲಿ ಇಡಲಿ? ಜಾಗ ಒಳ್ಳೇದು. ಕಾವಲುಗಾರ ಮಾತ್ರ ಸರಿ ಇಲ್ಲ.”

ಕಾವಲಿನ ವ್ಯವಸ್ಥೆಯನ್ನು ಹೆಂಡತಿ ಮಾಡಿದಳು. ಗಾಳಿಯಾಡುವ ತೆಳು ಬಟ್ಟೆಯಲ್ಲಿ ಬಿಲ್ಲೆಯನ್ನು ಇಟ್ಟು ಸುತ್ತಲೂ ಹೊಲಿದು, ಕೊನೆಗೆ ತನ್ನ ಜೀರಿಗೆ ಕಾಳಿನ ಗಂಟು ಹಾಕಿ ದಾರ ಕತ್ತರಿಸಿದಳು.

“ಮಡಿಕೆ ಕಲಿತುಬಿಟ್ಟಿರಿ,” ಅಂದಳು ಗಂಡನಿಗೆ. “ಈ ಗಂಟು ನಿಮಗೆ ಬರಲ್ಲ. ಬಿಚ್ಚಿದರೆ ನನಗೆ ಗೊತ್ತಾಗುತ್ತೆ. ಇಪ್ಪತ್ತು ವರ್ಷ ಹೇಳಿಕೊಡೋದೂ ಇಲ್ಲ.”

ಹಳೇ ಚಿಪ್ಪು ಹದಿನೈದು ದಿನದಲ್ಲಿ ಮುಗಿಯಿತು. ಭಾವ ಬರುವುದು ಮಾತ್ರ ನಿಲ್ಲಲಿಲ್ಲ. ಈಗ ಅಂಗಡಿಯ ಚಹಾ ಕುಡಿಯುತ್ತಾರೆ, ಹಾಳೆ ಮಡಚುವ ಕೆಲಸ ತಮ್ಮದು ಅಂತ ಹಟ ಹಿಡಿದು ಕೂರುತ್ತಾರೆ. ಎಂಜಿನಿಯರ ಕೈ, ಒಂದೊಂದು ಮಡಿಕೆಯನ್ನೂ ಅಳತೆಪಟ್ಟಿ ಇಟ್ಟು ನೋಡುವ ಕೈ. ಐದು ಹಾಳೆ ಆಗುವಷ್ಟರಲ್ಲಿ ಚಹಾ ಕಷಾಯವಾಗಿರುತ್ತದೆ.

“ಅಣ್ಣ, ಸ್ವಲ್ಪ ಬೇಗ ಮಡಚು,” ಅನ್ನುತ್ತಾಳೆ ತಂಗಿ ದಿನವೂ.

“ತಾಳಿದವನು ಬಾಳಿಯಾನು,” ಅನ್ನುತ್ತಾರೆ ಭಾವ.

ಒಂದು ಮಧ್ಯಾಹ್ನ ಹಾಳೆಗಳು ಮುಗಿದವು. ರಟ್ಟಪ್ಪ ಎದ್ದು ಕಪಾಟಿನ ಕಡೆ ಎರಡು ಹೆಜ್ಜೆ ಇಟ್ಟ.

“ಎಲ್ಲಿಗೆ?” ಅಂದರು ಭಾವ ತಲೆ ಎತ್ತದೆ.

“ಕಾಗದ ತರೋಕೆ ಭಾವ.”

“ನೀವು ಕೂತ್ಕೊಳ್ಳಿ,” ಅಂದಳು ಹೆಂಡತಿ ಸೂಜಿ ಕೆಳಗಿಟ್ಟು. “ಕಾಗದ ನಾನು ತಂದುಕೊಡ್ತೀನಿ.”

ರಟ್ಟಪ್ಪ ಕೂತ. ಅವಳು ಕಪಾಟು ತೆರೆದು, ಮೊದಲು ಗಂಟನ್ನು ಹೆಬ್ಬೆರಳಿನಿಂದ ತಡವಿ ನೋಡಿ, ಆಮೇಲೆ ಕಾಗದ ತಂದಳು. ಅವನು ನಾಲ್ಕನೇ ಸುತ್ತಿಗೆ ನೀರು ಹೊಯ್ದ.